ಹುಣಸೆ ಗಿಡಕ್ಕೊಂದು ಕಬ್ಬಿಣದ ಕಾಲುಮಣೆ

ಗಂಗಾವತಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟು ನನಗೆ ಇಪ್ಪತ್ತಾರು ವರ್ಷ ಆಯಿತು. ನಮ್ಮದು ಭತ್ತದ ಸೀಮೆ. ಗದ್ದೆಗೆ ಇಳಿಸುವ ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ, ಟ್ರೇಲರಿನ ಮುರಿದ ಕೊಂಡಿ, ರೈಸ್ ಮಿಲ್ಲಿನ ಏಣಿ ಇವೇ ನನ್ನ ದಿನದ ಕೆಲಸ. ಗಿಡ ಹತ್ತುವ ಸಾಮಾನು ಮಾಡುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಾಡಿಸಿದ್ದು ಹೆಂಡತಿಯ ತಮ್ಮನ ಶೇಂಗಾ ಹೊಲ.

ಆನೆಗೊಂದಿ ಕಡೆ ಗುಡ್ಡದ ಬುಡದಲ್ಲಿ ಅವನದು ನಾಲ್ಕು ಎಕರೆ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳು ಬಂಡೆ ಸಂದಿನಿಂದ ಇಳಿದು ಬರುತ್ತವೆ. ಒಂದು ರಾತ್ರಿ ಬಿಟ್ಟರೆ ಅರ್ಧ ಎಕರೆ ಹರಗಿದಂಗೆ ಆಗಿರುತ್ತದೆ. ಹೊಲದ ನಡುವೆ ಜಾಲಿ ಗೂಟ ನೆಟ್ಟು, ಬಿದಿರು ಹಾಸಿ, ಕತ್ತದ ಹಗ್ಗದಲ್ಲಿ ಬಿಗಿದ ಒಂದು ಮಂಚಿಕೆ ಇತ್ತು. ನಮ್ಮ ಹಿರಿಯರು ಇಂಥದ್ದರ ಮೇಲೆ ನಿಂತು ಕವಣೆ ಬೀಸಿ ಜೋಳದ ಹಕ್ಕಿ ಓಡಿಸಿದವರು. ಒಂದು ಸಂಕ್ರಾಂತಿ ಆದ ವಾರ ನಾನೂ ಕಾಯಲು ಹೋಗಿದ್ದೆ. ಬೆಳಗಿನ ಜಾವ ಇಳಿಯುವಾಗ ಕಾಲಿಟ್ಟ ಬಿದಿರು ಹಗ್ಗ ಸಮೇತ ಕಳಚಿಕೊಂಡಿತು. ಮಳೆಗಾಲದಲ್ಲಿ ನೆಂದ ಹಗ್ಗ ಒಳಗೇ ಕೊಳೆತಿತ್ತು, ಮೇಲೆ ನೋಡಿದರೆ ಗಟ್ಟಿ. ಬಿದ್ದದ್ದು ಏಳೇ ಅಡಿ. ಎಡಗೈ ಮಣಿಕಟ್ಟು ಮುರಿದು ಆರು ವಾರ ಶಾಪಿನಲ್ಲಿ ಸುಮ್ಮನೆ ಕುಂತೆ. ಆ ಹಗ್ಗ ಬಿಗಿದವನು ನಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ.

ಕೈಗೆ ಪಟ್ಟಿ ಹಾಕಿಕೊಂಡು ಕುಂತಾಗ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಯಾಡುವವರಲ್ಲಿ ಕೆಲವರು ಗಿಡದ ಮೇಲೆ ಕುರ್ಚಿ ಕಟ್ಟುವುದಿಲ್ಲ. ಸೊಂಟಕ್ಕೂ ತೊಡೆಗೂ ಜೋಳಿಗೆಯಂಥ ಅಗಲ ಪಟ್ಟಿ ತೊಟ್ಟು, ಅದನ್ನು ಹಗ್ಗದಿಂದ ಕಾಂಡಕ್ಕೆ ಕಟ್ಟಿ, ಹಿಂದಕ್ಕೆ ಒರಗುತ್ತಾರೆ. ಆ ಜೋಳಿಗೆಗೆ ಅವರು ಸ್ಯಾಡಲ್ ಅನ್ನುತ್ತಾರೆ, ಕುದುರೆಯ ತಡಿ ಇದ್ದಂಗೆ. ಕಾಲಿಗೆ ಮಾತ್ರ ಒಂದು ಪುಟ್ಟ ಲೋಹದ ಹಲಗೆ. ನೋಡಿದ ಕೂಡಲೇ ನನಗೆ ನೆನಪಾದದ್ದು ಜೆಸ್ಕಾಂ ಲೈನ್‌ಮನ್. ಕಂಬದ ಮೇಲೆ ಸೊಂಟದ ಬೆಲ್ಟಿಗೆ ಒರಗಿ ಎರಡೂ ಕೈ ಬಿಟ್ಟು ಕೆಲಸ ಮಾಡುತ್ತಾರಲ್ಲ, ಅದೇ ಭಂಗಿ.

ಬೇಟೆ ಅವರ ದೇಶದ ಮಾತು, ಅಲ್ಲಿ ಲೈಸೆನ್ಸು, ಹಂಗಾಮು ಎಲ್ಲ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ನಾನು ಈ ಹಲಗೆ ಮಾಡಿದ್ದು ಹೊಲ ಕಾಯಲು, ಡಬ್ಬಿ ಬಡಿಯಲು, ಟಾರ್ಚ್ ಬಿಡಲು. ಈಚೆಗೆ ಮಗನ ಹಳೇ ಕ್ಯಾಮೆರಾದಲ್ಲಿ ಫೋಟೊ ಹೊಡೆಯಲು ಕೂಡ. ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕುವಾಗ ಫೋಟೊ ಕೈಯಲ್ಲಿದ್ದರೆ ಮಾತು ಕಮ್ಮಿ. ಬೇಲಿಗೆ ಕರೆಂಟ್ ಬಿಟ್ಟು ಹಂದಿ ಕೊಲ್ಲುವವರು ಇದ್ದಾರೆ. ಆ ತಂತಿಗೆ ಹಂದಿ ಯಾರು, ಬೆಳಗ್ಗೆ ನೀರು ಬಿಡಲು ಬರುವ ಮನುಷ್ಯ ಯಾರು ಎಂದು ಗೊತ್ತಾಗುವುದಿಲ್ಲ. ಅಂಥ ಕೆಲಸಕ್ಕೆ ನನ್ನ ಶಾಪಿನಿಂದ ಒಂದು ಮೊಳೆಯನ್ನೂ ಕೊಡುವುದಿಲ್ಲ.

ಮೇಲೆ ನಿಂತರೆ ಲಾಭ ಏನೆಂದರೆ, ಹಂದಿಗೆ ಕಣ್ಣು ಮಂದ, ಮೂಗು ಚುರುಕು. ನೆಲದ ಮೇಲೆ ಕುಂತರೆ ಗಾಳಿಗೆ ನಮ್ಮ ವಾಸನೆ ಹಿಡಿದು ಹೊಲದ ಆಚೆ ಬದಿಯಿಂದ ನುಗ್ಗುತ್ತದೆ. ಹನ್ನೆರಡು ಅಡಿ ಮೇಲಿದ್ದರೆ ವಾಸನೆ ಬಹುಪಾಲು ಅದರ ತಲೆ ಮೇಲೆ ಹಾದುಹೋಗುತ್ತದೆ, ನಮಗೆ ನಾಲ್ಕೂ ಬದು ಕಾಣುತ್ತವೆ.

ಗಿಡ ಯಾವುದು

ನಮ್ಮ ಕಡೆ ಮರಕ್ಕೂ ಗಿಡ ಎಂದೇ ಅನ್ನುವುದು, ಬೇರೆ ಸೀಮೆಯವರು ತಪ್ಪು ತಿಳಿಯಬೇಡಿ. ನನ್ನ ಮೊದಲ ಆಯ್ಕೆ ಹುಣಸೆ. ಕಟ್ಟಿಗೆ ಗಟ್ಟಿ, ತೊಗಟೆ ಒರಟು, ಹಲಗೆಯನ್ನು ಕಾಂಡಕ್ಕೆ ಬಿಗಿಯುವ ಬೆಲ್ಟು ಜಾರುವುದಿಲ್ಲ. ಹುಣಸೆಯಲ್ಲಿ ದೆವ್ವ ಇರುತ್ತದೆಂದು ನಮ್ಮತ್ತೆ ಈಗಲೂ ಒಂದು ನಿಂಬೆಹಣ್ಣು ಕಿಸೆಗೆ ಹಾಕಿ ಕಳಿಸುತ್ತಾರೆ. ಬೇಡ ಅನ್ನುವುದಿಲ್ಲ, ರಾತ್ರಿ ಬಾಯಾರಿದಾಗ ನೀರಿಗೆ ಹಿಂಡಿಕೊಳ್ಳಲು ಆಗುತ್ತದೆ. ಎರಡನೆಯದು ಬೇವು, ಆದರೆ ಹಳೇ ಬೇವಿನ ಕಾಂಡ ಒಳಗೆ ಪೊಳ್ಳಾಗಿರುವುದುಂಟು. ಕೊಡಲಿಯ ಹಿಂಬದಿಯಿಂದ ಸುತ್ತಲೂ ತಟ್ಟಿ ಕೇಳ್ರಿ. ತಮಟೆಯಂಗೆ ಸದ್ದು ಬಂದರೆ ಬಿಟ್ಟುಬಿಡ್ರಿ. ನುಗ್ಗೆ, ನೇರಳೆ, ನೀಲಗಿರಿ ಬ್ಯಾಡ, ಕೊಂಬೆ ಹೇಳದೆ ಕೇಳದೆ ಮುರಿಯುತ್ತವೆ. ಬನ್ನಿಗೆ ಬೆಲ್ಟು ಬಿಗಿಯಲು ಹೋದರೆ ಊರವರೇ ಬಿಡುವುದಿಲ್ಲ.

ಕಾಂಡದ ಸುತ್ತಳತೆ ನಿಲ್ಲುವ ಎತ್ತರದಲ್ಲಿ ಮೂರರಿಂದ ನಾಲ್ಕೂವರೆ ಅಡಿ ಇರಲಿ. ಅದಕ್ಕಿಂತ ಸಣ್ಣದು ಗಾಳಿಗೆ ತೂಗುತ್ತದೆ, ದಪ್ಪ ಇದ್ದರೆ ಹಗ್ಗ ಸುತ್ತಲು ತೋಳು ಸಾಲುವುದಿಲ್ಲ. ತಲೆ ಮೇಲೆ ಎರಡು-ಮೂರು ಅಡಿಗೆ ಒಂದು ಗಟ್ಟಿ ಕವಲಿದ್ದರೆ ಬಂಗಾರ, ಯಾಕೆಂದು ಮುಂದೆ ಹೇಳುತ್ತೇನೆ.

ಹಗಲು ಹೊತ್ತಿನಲ್ಲೇ ಕೊಂಬೆ ಕೊಂಬೆ ನೋಡ್ರಿ. ಹೆಜ್ಜೇನು ಕಟ್ಟಿದ್ದರೆ ಆ ಗಿಡದ ಹೆಸರೂ ಎತ್ತಬ್ಯಾಡ್ರಿ. ರಾತ್ರಿ ಟಾರ್ಚ್ ಹಾಕಿದರೆ ಹೆಜ್ಜೇನು ಬೆಳಕಿಗೇ ಎದ್ದು ಬರುತ್ತದೆ, ಹಗ್ಗಕ್ಕೆ ಕಟ್ಟಿಕೊಂಡವನು ಎಲ್ಲಿಗೆ ಓಡಬೇಕು? ಕರೆಂಟ್ ತಂತಿ ಹತ್ತಿರ ಹಾದಿದ್ದರೂ ಅಷ್ಟೇ. ಗಿಡ ನಿಮ್ಮದೇ ಹೊಲದ್ದಾಗಿರಬೇಕು. ಅರಣ್ಯದೊಳಗೆ, ದರೋಜಿಯಂಥ ಅಭಯಾರಣ್ಯದಲ್ಲಿ ಇದನ್ನು ಹೊತ್ತು ಹೋಗುವಂತಿಲ್ಲ. ಕರಡಿ ನೋಡುವ ಆಸೆ ಇದ್ದರೆ ದರೋಜಿಯಲ್ಲಿ ಇಲಾಖೆಯವರದೇ ವೀಕ್ಷಣಾ ಗೋಪುರ ಇದೆ. 1994ರಲ್ಲಿ ಅದು ಕರಡಿಧಾಮ ಆದಾಗಿನಿಂದ ಎಷ್ಟೋ ಜನ ಮಧ್ಯಾಹ್ನದ ಮೇಲೆ ಅಲ್ಲಿ ಕುಂತು ಕರಡಿ ಬಂಡೆಯಿಂದ ಇಳಿಯುವುದನ್ನು ನೋಡಿದ್ದಾರೆ.

ಲೆಕ್ಕ

ಮೊದಲನೆಯದನ್ನು ನಾನು ಲೆಕ್ಕ ಇಲ್ಲದೆ ಮಾಡಿದೆ. ವಿಡಿಯೊದಲ್ಲಿದ್ದಂಗೆ ಮಡಚುವ ಹಲಗೆ, ಹಿಂದೆ ಕಾಂಡಕ್ಕೆ ಆನಿಸಿ ಕೆಳಗಿಳಿಯುವ ಆರಿಂಚಿನ ಬೆನ್ನುಪೈಪು, ನಡುವೆ ಒಂದೇ ಒಂದು ಓರೆ ಆಧಾರ. ನೋಡಲು ಬಲು ಚೆಂದ. ನೆಲದಿಂದ ಎರಡಡಿ ಮೇಲೆ ಕಟ್ಟಿ ಎಡ ಮೂಲೆಗೆ ಕಾಲಿಟ್ಟೆ. ಹಲಗೆ ಕಾಂಡದ ಸುತ್ತ ಗಿರ್ರನೆ ತಿರುಗಿ ನನ್ನನ್ನು ಬೆಂಡೆ ಸಾಲಿಗೆ ಎಸೆಯಿತು. ಹೆಂಡತಿಯ ತಮ್ಮ ಬದುವಿನ ಮೇಲೆ ನಿಂತಿದ್ದ.

"ಮಾವಾರ, ಇದು ಹಂದಿ ಓಡ್ಸಾಕೋ, ನಿಮ್ಮನ್ನ ಓಡ್ಸಾಕೋ?"

ಅದರಿಂದ ಎರಡು ವಿಷಯ ಕಲಿತೆ. ಮೊದಲನೆಯದು ಬೆನ್ನಿನ ಉದ್ದ. ಹಲಗೆಯ ಮುಂದಿನ ಅಂಚು ಕಾಂಡದಿಂದ 14 ಇಂಚು ದೂರ ಇದೆ ಅನ್ನಿ, ಅಲ್ಲಿ 70 ಕೆಜಿ ಮನುಷ್ಯ ನಿಂತ. ಹಲಗೆ ಮುಂದಕ್ಕೆ ಬಾಗಲು ನೋಡುತ್ತದೆ. ಬೆನ್ನಿನ ತುದಿ ಕೆಳಗೆ ಕಾಂಡಕ್ಕೆ ಒತ್ತುತ್ತದೆ, ಮೇಲಿನ ಬೆಲ್ಟು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಗೋಡೆಗೆ ಹೊಡೆದ ಶೆಲ್ಫಿನ ಬ್ರಾಕೆಟ್ಟು ಇದ್ದಂಗೆ. ಬೆಲ್ಟಿಗೂ ಕೆಳಗಿನ ಒತ್ತಿಗೂ ನಡುವೆ 6 ಇಂಚು ಇದ್ದರೆ ಬೆಲ್ಟಿನ ಮೇಲೆ ಬೀಳುವ ಎಳೆತ 70 ಗುಣಿಸು 14 ಭಾಗಿಸು 6, ಅಂದರೆ 163 ಕೆಜಿ. ಅದನ್ನೇ 12 ಇಂಚು ಮಾಡಿದರೆ 82 ಕೆಜಿಗೆ ಇಳಿಯುತ್ತದೆ. ಅರ್ಧ ಅಡಿ ಪೈಪು ಉಳಿಸಲು ಹೋಗಿ ಬೆಲ್ಟಿನ ಮೇಲೆ ದುಪ್ಪಟ್ಟು ಭಾರ ಹೇರಿದ್ದೆ.

ಎರಡನೆಯದು ತಿರುಚು. ನಾವು ಹಲಗೆಯ ನಡುವೆ ನೆಟ್ಟಗೆ ನಿಲ್ಲುವುದು ಕಮ್ಮಿ. ಹಂದಿ ಬಲಕ್ಕೆ ಬಂದರೆ ಬಲ ಮೂಲೆಗೆ ಹೋಗುತ್ತೇವೆ, ಕಾಂಡದ ಹಿಂದೆ ಸದ್ದಾದರೆ ಅಂಚಿನಿಂದ ಆಚೆಗೆ ವಾಲುತ್ತೇವೆ. ಆಗ ಪಾದ ಹಲಗೆಯನ್ನು ಪಕ್ಕಕ್ಕೆ ಒದೆಯುತ್ತದೆ. ಇದಕ್ಕೆ ಮದ್ದು ಎರಡು. ಬೆನ್ನಿನ ಮೇಲೆ ಕೆಳಗೆ ಎರಡೂ ಕಡೆ ಅಗಲವಾದ ವಿ ಆಕಾರದ ಪಟ್ಟಿ ಹಾಕಿ, ಕಾಂಡವನ್ನು ಒಂದು ಗೆರೆಯಲ್ಲಿ ಅಲ್ಲದೆ ಎರಡು ಗೆರೆಯಲ್ಲಿ ಹಿಡಿಯಬೇಕು. ಓರೆ ಆಧಾರವನ್ನು ನಡುವೆ ಒಂದು ಕೊಡುವ ಬದಲು ಮುಂದಿನ ಎರಡು ಮೂಲೆಯಿಂದ ಎರಡು ತಂದು ಬೆನ್ನಿನ ಬುಡದಲ್ಲಿ ಕೂಡಿಸಬೇಕು. ಮುಕ್ಕಾಲಿ ಪೀಠ ಒಂದು ಕಡೆಗೆ ತಿರುಚದಂಗೆ ನಿಲ್ಲುತ್ತದಲ್ಲ, ಅದೇ ಗುಟ್ಟು.

ಮಡಚುವ ಕೀಲನ್ನು ಮರೆತುಬಿಡ್ರಿ. ಕೀಲು ಎಂದರೆ ಸಡಿಲು, ಸಡಿಲು ಎಂದರೆ ಟಕ್ ಎನ್ನುವ ಸದ್ದು. ನಮ್ಮ ಹೊಲ ನಮ್ಮ ಬೈಕು, ಹಿಂದಿನ ಸೀಟಿಗೆ ಕಟ್ಟಿಕೊಂಡು ಹೋದರಾಯಿತು.

ಕೊಯ್ಯುವುದು, ಕೂಡಿಸುವುದು

ಪೈಪು 25×25 ಚೌಕ, 2 ಮಿಮೀ ದಪ್ಪ, ಎಂಎಸ್, ಅಂದರೆ ಮೆದು ಉಕ್ಕು. ಅಂಗಡಿಯಲ್ಲಿ ಒಂದಿಂಚಿನ 14 ಗೇಜ್ ಎಂದು ಕೇಳ್ರಿ. ಮೀಟರಿಗೆ 1.44 ಕೆಜಿ ಬರುತ್ತದೆ. ತಳ್ಳುಗಾಡಿಗೆ ಹಾಕುವ ತೆಳು ಪೈಪು ಕೊಟ್ಟರೆ ವಾಪಸ್ ಕೊಡ್ರಿ, ಅಂಚಿನ ದಪ್ಪ ನೋಡದೆ ತರಬ್ಯಾಡ್ರಿ. 20 ಅಡಿಯ ಒಂದು ಉದ್ದದಲ್ಲಿ ಎರಡು ಹಲಗೆ ಆಗುತ್ತವೆ, ಜೊತೆಗೊಬ್ಬ ಗೆಳೆಯನನ್ನು ಸೇರಿಸಿಕೊಳ್ರಿ.

ಹಲಗೆಯ ಚೌಕಟ್ಟು 14 ಇಂಚು ಅಗಲ, 12 ಇಂಚು ಆಳ. ಇದು ಸಣ್ಣದು ಅನಿಸುತ್ತದೆ, ಎಲ್ಲರೂ ಕೇಳುತ್ತಾರೆ. ಇದು ಕೂಡುವ ಮಣೆ ಅಲ್ಲ, ಕಾಲುಮಣೆ. ಮೈಭಾರದ ಬಹುಪಾಲು ಹಗ್ಗದ ಮೇಲೆ ಇರಬೇಕು, ಹಲಗೆ ಪಾದಕ್ಕೆ ಮಾತ್ರ. ದೊಡ್ಡದು ಮಾಡಿದರೆ ಅದರ ಮೇಲೆ ಕೂಡುವ ಆಸೆ ಬರುತ್ತದೆ, ಕುಂತರೆ ನಿದ್ದೆ ಬರುತ್ತದೆ.

ನಾಲ್ಕು ತುಂಡನ್ನು 45 ಡಿಗ್ರಿಗೆ ಕೊಯ್ದು, ಮೂಲೆಮಟ್ಟ ಇಟ್ಟು, ಮೊದಲು ಬರೀ ಟ್ಯಾಕ್, ಅಂದರೆ ಚುಕ್ಕಿ ವೆಲ್ಡು, ಹಾಕ್ರಿ. ಕರ್ಣ ಎರಡೂ ಅಳೀರಿ, ಸಮ ಬಂದ ಮೇಲೇ ಪೂರಾ ವೆಲ್ಡಿಂಗ್. ನಾನು 6013 ನಂಬರಿನ ವೆಲ್ಡಿಂಗ್ ರಾಡು, 2.5 ಮಿಮೀ, 80 ಆಂಪಿಯರ್ ಆಸುಪಾಸು ಇಡುತ್ತೇನೆ. ಅದಕ್ಕಿಂತ ಏರಿಸಿದರೆ ಈ ದಪ್ಪದ ಪೈಪು ತೂತು ಬೀಳುತ್ತದೆ. ಹಳೇ ಜಿಐ ಪೈಪು ಬಿದ್ದಿದೆ, ಅದನ್ನೇ ಬಳಸಲಾ ಎಂದು ಕೇಳುವವರಿದ್ದಾರೆ. ಸತುವಿನ ಲೇಪ ಉಜ್ಜಿ ತೆಗೆಯದೆ ವೆಲ್ಡ್ ಮಾಡಿದರೆ ಬಿಳಿ ಹೊಗೆ ಎದೆಗೆ ಹೋಗಿ ರಾತ್ರಿ ಚಳಿಜ್ವರ ಬರುತ್ತದೆ. ಕಲಿಯುವಾಗ ನನಗೂ ಬಂದಿತ್ತು.

ಚೌಕಟ್ಟಿನ ಮೇಲೆ ಹಾಸಲು ಕಟ್ಟಿಗೆ, ತಗಡು ಎರಡೂ ಬ್ಯಾಡ. ಇಬ್ಬನಿ ಬಿದ್ದರೆ ತಗಡು ಜಾರುತ್ತದೆ, ಕಟ್ಟಿಗೆ ಒಂದು ಮಳೆಗೆ ಉಬ್ಬುತ್ತದೆ. 8 ಮಿಮೀ ಟಿಎಂಟಿ ಕಂಬಿಯ ಆರು ತುಂಡು ಸಾಲಾಗಿ ಕೂಡಿಸ್ರಿ. ಮನೆ ಕಟ್ಟುವಲ್ಲಿ ಉಳಿದ ತುಂಡು ಸಾಕು. ಕಂಬಿಯ ಮೈಮೇಲಿನ ಗೆರೆ ಬೂಟಿನ ಅಡಿಗೆ ಗರಗಸದಂಗೆ ಕಚ್ಚುತ್ತದೆ, ನೀರು ನಿಲ್ಲುವುದಿಲ್ಲ, ಕೆಳಗಿನ ನೆಲವೂ ಕಾಣುತ್ತದೆ.

ಬೆನ್ನುಪೈಪು 14 ಇಂಚು. ಚೌಕಟ್ಟಿನ ಹಿಂದಿನ ಪಟ್ಟಿಯ ನಡುವೆ, ಅದಕ್ಕೆ ನೆಟ್ಟಗೆ ಕೆಳಮುಖವಾಗಿ. ಇಲ್ಲಿ ಒಂದು ಸಣ್ಣ ಕಿತಾಪತಿ ಮಾಡ್ರಿ. ಹಲಗೆಯ ಮುಂದಿನ ಅಂಚು ಅರ್ಧ ಇಂಚು ಮೇಲೆದ್ದಿರುವಂಗೆ ಕೂಡಿಸ್ರಿ. ಭಾರ ಬಿದ್ದಾಗ ಬೆಲ್ಟು ಸ್ವಲ್ಪ ಹಿಗ್ಗುತ್ತದೆ, ತೊಗಟೆ ಸ್ವಲ್ಪ ಅದುಮುತ್ತದೆ, ಆಮೇಲೆ ಹಲಗೆ ಸಮಕ್ಕೆ ಬರುತ್ತದೆ. ಮೊದಲೇ ಸಮ ಇಟ್ಟರೆ ರಾತ್ರಿಯೆಲ್ಲ ಮುಂದಕ್ಕೆ ಜಾರಿದಂಗೆ ಅನಿಸಿ ಮೊಣಕಾಲು ನೋಯುತ್ತದೆ.

ಓರೆ ಆಧಾರ ಎರಡೂ ಸುಮಾರು 19 ಇಂಚು ಬರುತ್ತವೆ. ಲೆಕ್ಕ ಹಾಕಿ ಕೊಯ್ಯಬ್ಯಾಡ್ರಿ, ಮೂಲೆಯಿಂದ ಬುಡಕ್ಕೆ ದಾರ ಹಿಡಿದು, ಪೈಪನ್ನೇ ಇಟ್ಟು ಗುರುತು ಹಾಕಿ ಕೊಯ್ರಿ. ತುದಿಯ ಓರೆ ಎರಡು ಕಡೆ ಬೇರೆ ಬೇರೆ ಬರುತ್ತದೆ, ಗ್ರೈಂಡರಿನಲ್ಲಿ ಸ್ವಲ್ಪ ಸ್ವಲ್ಪ ಸವೆಸುತ್ತ ಕೂಡಿಸುವುದೇ ದಾರಿ. ಸಂದು ಉಳಿದರೆ ರಾಡಿನಿಂದ ತುಂಬಿಸಿ ಮುಚ್ಚುವ ಚಟ ನಮ್ಮ ಕಸಬಿನವರಿಗಿದೆ. ಗೇಟಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ವಿ ಪಟ್ಟಿಗೆ 40×5 ಮಿಮೀ ಫ್ಲಾಟು, ಅಂದರೆ ಚಪ್ಪಟೆ ಕಬ್ಬಿಣ, ಹತ್ತು ಹತ್ತು ಇಂಚಿನ ಎರಡು ತುಂಡು. ನಡುವೆ ಬಗ್ಗಿಸಿ, ರೆಕ್ಕೆ ತೆರೆದಂಗೆ ಅಗಲವಾಗಿ ಇಟ್ಟು, ಒಂದು ಬೆನ್ನಿನ ತಲೆಗೆ, ಒಂದು ಬುಡಕ್ಕೆ. ಅಮೆರಿಕದವರು ಇದಕ್ಕೆ ಹಲ್ಲು ಕೊಯ್ದು ತೊಗಟೆಗೆ ಕಚ್ಚಿಸುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಹಳೇ ಟ್ರ್ಯಾಕ್ಟರ್ ಟೈರಿನ ರಬ್ಬರ್ ಕೊಯ್ದು ಬೋಲ್ಟ್ ಹಾಕಿ ಕೂಡಿಸಿದೆ. ಹುಣಸೆಯ ಒರಟು ತೊಗಟೆಗೆ ರಬ್ಬರ್ ಗಟ್ಟಿಯಾಗಿ ಕೂಡುತ್ತದೆ, ಗಿಡಕ್ಕೂ ಗಾಯ ಇಲ್ಲ.

ಬೆನ್ನಿನ ಮೇಲೆ, ಹಲಗೆಗಿಂತ ಒಂದಿಂಚು ಕೆಳಗೆ, ಬೆಲ್ಟು ಕೂಡುವ ಜಾಗ. ಅದರ ಮೇಲೊಂದು ಕೆಳಗೊಂದು ಕಂಬಿ ಚೂರು ವೆಲ್ಡ್ ಮಾಡಿ ತಡೆ ಕೊಡ್ರಿ, ಬೆಲ್ಟು ಆಚೀಚೆ ಸರಿಯಬಾರದು. ಬುಡದಲ್ಲೂ ಹಂಗೇ. ಎಲ್ಲ ಮುಗಿದ ಮೇಲೆ ಚೂಪಂಚು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಚೌಕಟ್ಟಿನ ಅಂಚಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಬೂಟು ತಾಗಿದರೂ ಟಣ್ ಅನ್ನುವುದಿಲ್ಲ. ತಕ್ಕಡಿಗೆ ಹಾಕಿದಾಗ ಐದೂಕಾಲು ಕೆಜಿ ತೂಗಿತು.

ಬೆಲ್ಟು ಮತ್ತು ಹಗ್ಗ

ಬೆಲ್ಟು ಎಂದರೆ ಲಾರಿಗೆ ಸರಕು ಬಿಗಿಯುವ 50 ಮಿಮೀ ರ‍್ಯಾಚೆಟ್ ಬೆಲ್ಟ್. ಗಂಗಾವತಿಯಲ್ಲಿ ಅಕ್ಕಿ ಲಾರಿಗೆ ಬರವಿಲ್ಲ, ಬೆಲ್ಟಿಗೂ ಬರವಿಲ್ಲ. ಆದರೆ ಲಾರಿಯಿಂದ ಇಳಿಸಿದ ಹಳೇದು ತರಬ್ಯಾಡ್ರಿ. ಹೊಸದರ ಚೀಟಿಯ ಮೇಲೆ ಎಲ್‌ಸಿ ಎಂದು, ಎಷ್ಟು ಎಳೆತ ತಡೆಯುತ್ತದೆಂಬ ಒಂದು ಅಂಕಿ ಇರುತ್ತದೆ, 2500 ಡಿಎಎನ್ ಇದ್ದರೆ ಸುಮಾರು ಎರಡೂವರೆ ಟನ್ ಎಂದು ಲೆಕ್ಕ. ಕೊಕ್ಕೆ ಇರುವುದು ಬೇಡ, ತನಗೆ ತಾನೇ ಸುತ್ತಿ ಬಿಗಿಯುವ ಸುತ್ತುಬೆಲ್ಟು ಬೇಕು. ಕೊಕ್ಕೆ ಸಡಿಲಾದ ಕ್ಷಣಕ್ಕೆ ಕಳಚುತ್ತದೆ. ಮೇಲಿನದನ್ನು ರ‍್ಯಾಚೆಟ್ ಹಿಡಿ ಇನ್ನು ಎಳೆಯಲಾಗದು ಅನ್ನುವಷ್ಟು ಬಿಗೀರಿ. ಬುಡದಲ್ಲಿ 25 ಮಿಮೀ ಸಾಕು, ಅದರ ಕೆಲಸ ಬರೀ ಅಲ್ಲಾಡದಂಗೆ ನೋಡುವುದು.

ಈಗ ಕವಲಿನ ಮಾತು. ಹಲಗೆಯ ಹಿಂದಿನ ಪಟ್ಟಿಗೆ ಒಂದು ದಪ್ಪ ಹಗ್ಗ ಕಟ್ಟಿ, ಮೇಲಿನ ಕವಲಿನ ಸಂದಿಗೆ ಹಾಯಿಸಿ, ಬಿಗಿಯಾಗಿ ಕಟ್ಟುತ್ತೇನೆ. ಬೆಲ್ಟು ಜಾರಿದರೂ ಹಲಗೆ ಅಲ್ಲೇ ತೂಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಚೈನಿನ ಕೊಂಡಿ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರವೆಲ್ಲ ನಮ್ಮ ಸೀಮೆಯವರು ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ನಿದ್ದೆಗೆಟ್ಟೆವು. ಅಂದಿನಿಂದ ಯಾವುದೇ ಸಾಮಾನು ನೋಡಲಿ, ಇದರಲ್ಲಿ ಒಂದೇ ಕೊಂಡಿ ಯಾವುದು ಎಂದು ಮೊದಲು ಹುಡುಕುವ ಚಾಳಿ ಅಂಟಿದೆ.

ಲಾರಿ ಬೆಲ್ಟು ಮನುಷ್ಯನ ಜೀವಕ್ಕೆಂದು ಮಾಡಿದ್ದಲ್ಲ. ಹಂಗಾಗಿ ನಮ್ಮ ಜೀವಕ್ಕೂ ಹಲಗೆಗೂ ಸಂಬಂಧ ಇರಬಾರದು. ಹಲಗೆ ಪೂರಾ ಕಿತ್ತುಕೊಂಡು ಬಿದ್ದರೂ ನಾವು ಮೇಲೆಯೇ ತೂಗುತ್ತಿರಬೇಕು. ಅಮೆರಿಕದವರ ಆ ಜೋಳಿಗೆಯನ್ನು ಮನೆಯಲ್ಲಿ ಹೊಲಿಯಲು ಹೋಗಬ್ಯಾಡ್ರಿ. ನಾನು ಕಬ್ಬಿಣ ನಂಬುತ್ತೇನೆ, ನನ್ನ ಹೊಲಿಗೆ ನಂಬುವುದಿಲ್ಲ. ಕಟ್ಟಡ ಕೆಲಸದವರು ಹೆಗಲಿಗೂ ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿ, ಫುಲ್ ಬಾಡಿ ಹಾರ್ನೆಸ್ ತಗೊಳ್ರಿ. ಭಾರತೀಯ ಮಾನಕದ ಐಎಸ್ 3521 ಗುರುತು ಇರಲಿ, ಸೊಂಟದ ಎರಡೂ ಬದಿ ಮತ್ತು ಎದೆಯ ಮೇಲೆ ಡಿ ಆಕಾರದ ಬಳೆ ಇರಲಿ. ಬದಿಯ ಬಳೆ ಒರಗಲು, ಎದೆಯದು ಬಿದ್ದಾಗ ಹಿಡಿಯಲು. ಅದಲುಬದಲು ಮಾಡಬಾರದು, ಬದಿಯ ಬಳೆಗೆ ಬಿದ್ದ ಭಾರ ನೇರ ಸೊಂಟದ ಮೂಳೆಗೆ.

ಹಗ್ಗ ಎರಡು, ಎರಡೂ 11 ಮಿಮೀ, ಬಂಡೆಯಿಂದ ಹಗ್ಗದ ಮೇಲೆ ಇಳಿಯುವವರು ಬಳಸುವ ಜಾತಿ, ಹೆಚ್ಚು ಹಿಗ್ಗದಂಥವು. ಒಂದು ಸೊಂಟದ ಹಗ್ಗ, ಬದಿಯ ಬಳೆಯಿಂದ ಕಾಂಡ ಸುತ್ತಿ ಇನ್ನೊಂದು ಬದಿಯ ಬಳೆಗೆ. ಇನ್ನೊಂದಕ್ಕೆ ನಾನು ನೆತ್ತಿ ಹಗ್ಗ ಅನ್ನುತ್ತೇನೆ. ತಲೆಗಿಂತ ಮೇಲೆ ಕಾಂಡಕ್ಕೆ ಉರುಳಿನಂತೆ ಬಿಗಿದು ಎದೆಯ ಬಳೆಗೆ ಬರುತ್ತದೆ. ಇದರಲ್ಲಿ ಸಡಿಲು ಒಂದು ಗೇಣಿಗಿಂತ ಹೆಚ್ಚು ಇರಬಾರದು. ಹಿಗ್ಗದ ಹಗ್ಗದ ಮೇಲೆ ಎರಡಡಿ ಬಿದ್ದು ನಿಂತರೂ ಬೆನ್ನು ಹೋಗುತ್ತದೆ. ಹಗ್ಗವನ್ನು ಬಳೆಗೆ ಸೇರಿಸುವ ಕೊಂಡಿಗಳ ಮೇಲೆ 22 ಕೆಎನ್ ಎಂದು ಕೊರೆದಿರಬೇಕು, ಅಂದರೆ ಎರಡು ಸಾವಿರದ ಇನ್ನೂರು ಕೆಜಿಗೂ ಮೇಲೆ. ಬಾಯಿಗೆ ಸ್ಕ್ರೂ ಇರಬೇಕು. ಬೀಗದ ಕೈ ನೇತುಹಾಕುವ ಕೊಂಡಿಯೂ ನೋಡಲು ಹಂಗೇ ಇರುತ್ತದೆ, ಜಾತ್ರೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುತ್ತದೆ. ಜೋಕೆ.

ಹಗ್ಗ ಉದ್ದ ಗಿಡ್ಡ ಮಾಡಲು ಪ್ರುಸಿಕ್ ಗಂಟು ಕಲೀರಿ. ಆಸ್ಟ್ರಿಯಾದ ಗುಡ್ಡ ಹತ್ತುವ ಕಾರ್ಲ್ ಪ್ರುಸಿಕ್ ಎಂಬಾತ 1931ರಲ್ಲಿ ಇದನ್ನು ಜನಕ್ಕೆ ತೋರಿಸಿಕೊಟ್ಟ. 7 ಮಿಮೀ ಸಣ್ಣ ಹಗ್ಗದ ಕುಣಿಕೆಯನ್ನು ದಪ್ಪ ಹಗ್ಗಕ್ಕೆ ಮೂರು ಸುತ್ತು ಸುತ್ತಿ ಒಳಗಿಂದ ಎಳೆಯುವುದು. ಕೈಯಿಂದ ದೂಡಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚುತ್ತದೆ. ಎತ್ತಿನ ಮೂಗುದಾರ ಕಟ್ಟಿ ಬೆಳೆದ ಕೈಗೆ ಇದೊಂದು ಗಂಟೇ ಅಂದುಕೊಂಡೆ. ಮೂರು ಸಲ ತಪ್ಪಾಯಿತು. ಆನೆಗೊಂದಿ-ಸಾಣಾಪುರದ ಬಂಡೆ ಹತ್ತಲು ದೇಶ ವಿದೇಶದವರು ಬರುತ್ತಾರೆ. ಅವರಿಗೆ ಕಲಿಸುವ ನಮ್ಮೂರ ಕಡೆಯ ಹುಡುಗನೊಬ್ಬ ನನ್ನ ಗಂಟು ಬಿಚ್ಚಿಸಿ ಬಿಚ್ಚಿಸಿ ಕಟ್ಟಿಸಿದ. "ಕಾಕಾ, ನೆಲದ ಮ್ಯಾಲ ನೂರು ಸಲ, ಆಮ್ಯಾಲ ಗಿಡದ ಮ್ಯಾಲ ಒಂದ್ಸಲ" ಅಂದ. ನಿಮಗೂ ಹತ್ತಿರದಲ್ಲಿ ಇಂಥವರು ಯಾರಾದರೂ ಇದ್ದರೆ ಓದಿದ್ದನ್ನು ಬಿಟ್ಟು ಅವರ ಕೈಯಲ್ಲೇ ಕಲೀರಿ.

ಖರ್ಚಿನ ಮಾತು ಹೇಳಿಬಿಡುತ್ತೇನೆ. ಕಬ್ಬಿಣಕ್ಕೆ ಸಾವಿರದೊಳಗೆ ಆಯಿತು. ಹಾರ್ನೆಸ್, ಹಗ್ಗ, ಕೊಂಡಿಗೆ ಅದರ ಐದಾರು ಪಟ್ಟು. ಉಳಿಸುವುದಾದರೆ ಕಬ್ಬಿಣದಲ್ಲಿ ಉಳಿಸ್ರಿ.

ಮೊದಲು ಭತ್ತದ ಚೀಲ, ಆಮೇಲೆ ಮನುಷ್ಯ

ಹಲಗೆಯನ್ನು ನೆಲದಿಂದ ನಾಲ್ಕಡಿಗೆ ಕಟ್ಟಿ, ಮುಂದಿನ ಅಂಚಿಗೆ ಚೈನು ಹಾಕಿ, 75 ಕೆಜಿಯ ಎರಡು ಭತ್ತದ ಚೀಲ ನೇತುಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ನೋಡಿದರೆ ಹಲಗೆ ಕಾಲಿಂಚು ಬಾಗಿತ್ತು, ವೆಲ್ಡ್ ಯಾವುದೂ ಬಿರಿದಿರಲಿಲ್ಲ. ಎರಡನೇ ರಾತ್ರಿ ಎರಡೂ ಚೀಲ ಒಂದೇ ಮೂಲೆಗೆ. ಇದೇ ನಿಜವಾದ ಪರೀಕ್ಷೆ, ನಡುವೆ ತೂಗಿಸಿ ಪಾಸು ಅನ್ನಬ್ಯಾಡ್ರಿ. ಬೆಳಗ್ಗೆ ಪ್ರತಿ ವೆಲ್ಡಿನ ಮೇಲೆ ಸೀಮೆಎಣ್ಣೆ ಇಲ್ಲವೆ ಡೀಸೆಲ್ ಸವರಿ ಒರೆಸಿ, ಸುಣ್ಣದ ಪುಡಿ ಉದುರಿಸ್ರಿ. ಕೂದಲೆಳೆ ಬಿರುಕಿದ್ದರೆ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ನನ್ನ ಗುರು ಕಲಿಸಿದ ಹಳೇ ಉಪಾಯ.

ಆಮೇಲೆ ನೀವು ಹತ್ರಿ, ಎರಡಡಿ ಎತ್ತರದಲ್ಲೇ, ಹಾರ್ನೆಸ್ ಹಾಕಿಕೊಂಡು, ಮೂರು ಸಂಜೆ. ಹಿಂದಕ್ಕೆ ಒರಗಿದಾಗ ಪಾದ ಹಲಗೆಯನ್ನು ಕಾಂಡದ ಕಡೆಗೇ ಒತ್ತುತ್ತದೆ, ಹಲಗೆ ಇನ್ನೂ ಗಟ್ಟಿಯಾಗಿ ಕೂಡುತ್ತದೆ. ಅದು ಅರ್ಥ ಆಗಲು ಮೈಗೆ ಎರಡು ದಿನ ಬೇಕು. ಮೊದಲ ದಿನ ಎಲ್ಲರೂ ಕಾಂಡ ತಬ್ಬಿಕೊಂಡೇ ನಿಲ್ಲುತ್ತಾರೆ, ನಾನೂ ತಬ್ಬಿದ್ದೆ.

ಹತ್ತಲು ಏಣಿ ಇರಲಿ, ಅದನ್ನೂ ಮೇಲೆ ಕೆಳಗೆ ಎರಡು ಕಡೆ ಕಾಂಡಕ್ಕೆ ಬಿಗೀರಿ. ಮೊದಲ ಮೆಟ್ಟಿಲಿಗೇ ಸೊಂಟದ ಹಗ್ಗ ಕಾಂಡಕ್ಕೆ ಸುತ್ತಬೇಕು, ಒಂದೊಂದು ಮೆಟ್ಟಿಲಿಗೂ ಅದನ್ನು ಮೇಲಕ್ಕೆ ಎಗರಿಸುತ್ತ ಹೋಗಬೇಕು. ಕೊಂಬೆ ಅಡ್ಡ ಬಂದರೆ ನೆತ್ತಿ ಹಗ್ಗವನ್ನು ಕೊಂಬೆಯ ಮೇಲೆ ಕಟ್ಟಿ, ಅದು ಹಿಡಿದದ್ದು ನೋಡಿ, ಆಮೇಲೆ ಸೊಂಟದ್ದು ಬಿಚ್ಚಿ ದಾಟಿಸಬೇಕು. ಇಳಿಯುವಾಗ ಇದನ್ನೇ ತಿರುವು ಮುರುವು. ಮಂಚಿಕೆಯಿಂದ ನಾನು ಬಿದ್ದದ್ದು ಕಾಯುವಾಗ ಅಲ್ಲ, ಇಳಿಯುವಾಗ. ನಿದ್ದೆ ಕಣ್ಣು, ಮರಗಟ್ಟಿದ ಕಾಲು, ಮನೆಗೆ ಹೋಗಿ ಚಹಾ ಕುಡಿಯುವ ಅವಸರ. ಇಳಿಯುವ ಮುಂಚೆ ಐದು ನಿಮಿಷ ನಿಂತಲ್ಲೇ ಕಾಲು ಮಡಚಿ ಬಿಚ್ಚಿ ಮಾಡ್ರಿ. ಚೀಲ, ಟಾರ್ಚ್, ಕ್ಯಾಮೆರಾ ಬೆನ್ನಿಗೆ ಹಾಕಿಕೊಂಡು ಹತ್ತಬ್ಯಾಡ್ರಿ, ಸಣ್ಣ ಹಗ್ಗ ಇಳಿಬಿಟ್ಟು ಎಳೆದುಕೊಳ್ರಿ.

ಎತ್ತರ ಹನ್ನೆರಡು ಅಡಿ ಸಾಕು. ಹೆಚ್ಚು ಎತ್ತರ ಹೋದರೆ ಸುರಕ್ಷಿತ ಎಂಬ ಭ್ರಮೆ ಬ್ಯಾಡ. ಗುಡ್ಡದ ಸಾಲಿನಲ್ಲಿ ಚಿರತೆ ಇದೆ, ಕರಡಿ ಇದೆ, ಎರಡಕ್ಕೂ ಗಿಡ ಹತ್ತಲು ಬರುತ್ತದೆ. ಒಬ್ಬರೇ ಹೋಗುವ ಕೆಲಸವೂ ಅಲ್ಲ ಇದು. ಹಾರ್ನೆಸ್ಸಿನಲ್ಲಿ ಕಾಲಿಗೆ ಆಧಾರ ಇಲ್ಲದೆ ಅಲುಗಾಡದೆ ತೂಗಿಬಿದ್ದರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷಕ್ಕೆ ತಲೆ ತಿರುಗುತ್ತದೆ. ಅದಕ್ಕೆ ಕಿಸೆಯಲ್ಲಿ ಒಂದು ಹಗ್ಗದ ಕುಣಿಕೆ ಇಟ್ಟುಕೊಳ್ರಿ. ನೆತ್ತಿ ಹಗ್ಗಕ್ಕೆ ಪ್ರುಸಿಕ್ ಹಾಕಿ, ಕುಣಿಕೆಯಲ್ಲಿ ಪಾದ ಇಟ್ಟು ಎದ್ದು ನಿಂತು, ಏಣಿ ಹಿಡಿಯಬಹುದು. ಕೆಳಗೆ ಗುಡಿಸಲಲ್ಲಿ ಒಬ್ಬರು ಇರಲಿ, ಗಂಟೆಗೊಮ್ಮೆ ಟಾರ್ಚ್ ಮಿಟುಕಿಸಿ "ಅದೀನಿ" ಎಂದು ಹೇಳುವ ರೂಢಿ ನಾವು ಇಟ್ಟುಕೊಂಡಿದ್ದೇವೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಕಾಲದಲ್ಲಿ ದೂರದಲ್ಲಿ ಗುಡುಗು ಕೇಳಿದರೂ ಇಳಿದುಬಿಡಬೇಕು. ಬಯಲ ಸೀಮೆಯ ಒಂಟಿ ಗಿಡ ಎಂದರೆ ಸಿಡಿಲಿಗೆ ಕೊಟ್ಟ ವಿಳಾಸ.

ಹಂಗಾಮು ಮುಗಿದ ಮೇಲೆ ಬೆಲ್ಟು, ಹಲಗೆ ಎಲ್ಲ ಬಿಚ್ಚಿ ಮನೆಗೆ ತರ್ರಿ. ಗಿಡ ದಪ್ಪ ಆಗುತ್ತಲೇ ಇರುತ್ತದೆ, ವರ್ಷಗಟ್ಟಲೆ ಬಿಟ್ಟರೆ ಬೆಲ್ಟು ಅದರ ಕೊರಳು ಹಿಸುಕುತ್ತದೆ. ಬಿಸಿಲಿಗೆ ಬೆಲ್ಟಿನ ನೂಲೂ ಸಾಯುತ್ತದೆ, ನಮ್ಮ ಸೀಮೆಯ ಬಿಸಿಲು ಕೇಳಬೇಕೇ! ಬಣ್ಣ ಮಾಸಿ, ಮುಟ್ಟಿದರೆ ಹುಲ್ಲಿನಂಗೆ ಗರಗರ ಅಂದರೆ ಮುಗಿಯಿತು. ನಾನು ಪ್ರತಿ ದೀಪಾವಳಿಗೆ ಹೊಸ ಬೆಲ್ಟು ತರುತ್ತೇನೆ, ಹಳೇದು ಎಮ್ಮೆಯ ಕರು ಕಟ್ಟಲು ಆಗುತ್ತದೆ. ಹಗ್ಗ, ಹಾರ್ನೆಸ್ಸನ್ನು ಇಲಿ ಕಡಿಯದಂಗೆ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಶಾಪಿನಲ್ಲಿ ಬ್ಯಾಟರಿ ಇಡುವ ಮೂಲೆಯಿಂದ ದೂರ ಇಡ್ರಿ. ಬ್ಯಾಟರಿ ಆಸಿಡ್ಡಿನ ಒಂದು ಹನಿ ಬಿದ್ದರೂ ಹಗ್ಗ ಮೇಲೆ ನೆಟ್ಟಗೇ ಕಾಣುತ್ತದೆ, ಒಳಗೆ ಬೆಂದಿರುತ್ತದೆ, ನಮ್ಮ ಮಂಚಿಕೆಯ ಆ ಕತ್ತದ ಹಗ್ಗದಂಗೆ.